ಹಲ್ಲಿನ ನೆರಳು

"ಈ ತಲೆ ಒಬೆಂಗ್‌ದು ಅಂತ ನಾನು ಹೇಳಲ್ಲ. ಅಲ್ಲ ಅಂತಾನೂ ಹೇಳಲ್ಲ. ತಲೆಬುರುಡೆ ಒಳಗೆ ಯಾರೂ ಹೆಸರು ಕೆತ್ತಿಸ್ಕೊಂಡು ಹುಟ್ಟಲ್ಲ ಕಣೇ, ಅಫ್ರಾಕೊಮಾ."

ಡಾಕ್ಟರ್ ಅರಾಬಾ ಕ್ವಾನ್ಸಾ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ನಿಶ್ಚಿಂತೆಯಿಂದ ಕುರ್ಚಿಗೊರಗಿ, ಬಾಳೆಲೆಯಲ್ಲಿ ಸುತ್ತಿದ್ದ ಕೆಂಕೆ ಎಂಬ ಮೆಕ್ಕೆಜೋಳದ ಕಡುಬನ್ನು ಬಿಚ್ಚಿದಳು. ಹುಳಿ ಹಿಟ್ಟಿನ ಘಮಕ್ಕೆ ಕರಿದ ಮೀನಿನ ಘಮ ಸೇರಿಕೊಂಡಿತು. ಕೊಲೆಯ ವಿಚಾರಣೆ ನಡೆಯುವ ಕೋಣೆಯಲ್ಲಿ ಊಟಕ್ಕೆ ಕೂರುವ ಧೈರ್ಯ ಕರಾವಳಿಯ ಫಾಂಟೆ ಹೆಂಗಸರಿಗೆ ಮಾತ್ರ ಇರುತ್ತದೆ ಎಂದು ಇನ್ಸ್‌ಪೆಕ್ಟರ್ ಅಫ್ರಾಕೊಮಾ ಅಂದುಕೊಂಡಳು. ಅಂದುಕೊಂಡದ್ದನ್ನು ಆಡಿಯೂ ಬಿಡುವುದು ಅವಳ ಅಭ್ಯಾಸ.

"ನಿಮ್ಮೋರು ಹೆಣದ ಪಕ್ಕದಲ್ಲೂ ಮೀನು ಮುರಿದು ತಿಂತೀರಲ್ಲೇ!"

"ನಿಮ್ಮ ಅಶಾಂಟಿಯೋರು ಹೆಣಕ್ಕೂ ಚಿನ್ನ ಹೇರ್ತೀರಲ್ಲ, ಅದಕ್ಕಿಂತ ಇದು ವಾಸಿ. ಕೂತ್ಕೋ. ನಿಂತೇ ಇದ್ರೆ ಚಿತ್ರ ಬದಲಾಗಲ್ಲ."

ಅಫ್ರಾಕೊಮಾ ಕೂರಲಿಲ್ಲ. ಈ ಚಿತ್ರ ಅಸೂಬೊನ್ ಪಟ್ಟಣದ ಹಿರಿಯರ ಸಭೆಯಲ್ಲಿ ಕಾಣಿಸಿಕೊಂಡ ಮರುದಿನವೇ, ಇದನ್ನು ತೆಗೆದಿದ್ದ ತಂತ್ರಜ್ಞ ದಾಪಾ ಇದೇ ಆಸ್ಪತ್ರೆಯ ಹಿಂಬದಿ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಸತ್ತು ಬಿದ್ದಿದ್ದ. ಯಂತ್ರದೊಳಗಿದ್ದ ಪ್ರತಿಯನ್ನು ಯಾರೋ ಅಳಿಸಿಹಾಕಿದ್ದರು. ಉಳಿದದ್ದು ಈ ಒಂದು ಫಿಲ್ಮು, ಅದರ ಮೂಲೆಯಲ್ಲಿ ಒಂದೇ ಹೆಸರು: ಒಬೆಂಗ್.

ಒಬೆಂಗ್ ಎಂದರೆ ಅಸೂಬೊನ್‌ನ ಒಡೆಯ ಸತ್ತು ಖಾಲಿಯಾದ ಪೀಠಕ್ಕೆ ರಾಜಮಾತೆ ಸೂಚಿಸಿದ್ದ ಹುಡುಗ, ಅವಳ ಸ್ವಂತ ತಂಗಿಯ ಮಗ. ಮೈಯಲ್ಲಿ ಊನ ಇದ್ದವನು ಆ ಪೀಠ ಏರುವಂತಿಲ್ಲ. ಬೆರಳು ತುಂಡಾದವನಿಗಿಲ್ಲ, ಕಣ್ಣು ಹೋದವನಿಗಿಲ್ಲ. ಇನ್ನು ತಲೆಯೊಳಗೆ ಇಂಥದ್ದನ್ನು ಇಟ್ಟುಕೊಂಡವನಿಗೆ ಕೊಡುತ್ತಾರೆಯೇ? ಇವತ್ತು ಮಧ್ಯಾಹ್ನ ಹಿರಿಯರು ತೀರ್ಪು ಹೇಳುವವರಿದ್ದರು.

ಚಿತ್ರ ನೋಡಲು ಚೆನ್ನಾಗಿಯೇ ಇತ್ತು. ಮಾಸಲು ಬಿಳುಪಿನ ಮೇಲೆ ಕತ್ತಿನಿಂದ ಕಪ್ಪು ಗೆರೆಯೊಂದು ಮೇಲೇರಿ, ಕವಲೊಡೆದು, ಎಡಗಿವಿಯ ಮೇಲ್ಗಡೆ ಬೆಕ್ಕು ಆಡಿಬಿಟ್ಟ ನೂಲಿನ ಉಂಡೆಯಂತೆ ಸಿಕ್ಕುಸಿಕ್ಕಾಗಿತ್ತು. ಉಂಡೆಯ ಅಂಚಿನಲ್ಲಿ ಒಂದು ಗುಳ್ಳೆ.

"ಹೃದಯದಿಂದ ಬರೋ ರಕ್ತ ಮೊದಲು ಸಣ್ಣಸಣ್ಣ ನಾಳಕ್ಕೆ ಹೋಗಿ, ಅಲ್ಲಿ ಒತ್ತಡ ಇಳಿಸ್ಕೊಂಡು ವಾಪಸ್ ಹೋಗ್ಬೇಕು," ಎಂದಳು ಅರಾಬಾ, ಮೀನಿನ ಮುಳ್ಳು ಬಿಡಿಸುತ್ತ. "ಇವರಲ್ಲಿ ಆ ಸಣ್ಣ ನಾಳಗಳೇ ಇಲ್ಲ. ಬರೋ ನಾಳ, ಹೋಗೋ ನಾಳ ಎರಡೂ ನೇರವಾಗಿ ಹೆಣ್ಕೊಂಡಿವೆ. ಹುಟ್ಟಿನಿಂದ ಬಂದಿದ್ದು. ಎಷ್ಟೋ ಜನಕ್ಕೆ ಸಾಯೋವರೆಗೂ ಗೊತ್ತೇ ಆಗಲ್ಲ. ಇವರದ್ದು ಹಾಗಲ್ಲ. ಆ ಗುಳ್ಳೆ ನೋಡಿದ್ಯಾ? ಇವತ್ತೋ ನಾಳೆಯೋ ಒಡೀಬಹುದು. ಸಿಟ್ಟು ಬಂದ್ರೆ ಸಾಕು, ಜೋರಾಗಿ ಕೆಮ್ಮಿದ್ರೂ ಸಾಕು."

"ಒಡೆದ್ರೆ?"

"ಒಡೆದ ಮೇಲೆ ನನ್ನ ಹತ್ರ ತರೋದು ಬೇಡ. ನೀನು ಕೊಲೆಗಾರನ್ನ ಆಮೇಲೆ ಹುಡುಕ್ಕೋ ತಾಯಿ. ಈ ತಲೆ ಯಾರದ್ದೇ ಆಗಿರ್ಲಿ, ಮೊದಲು ಅವರನ್ನ ನನ್ನ ಮುಂದೆ ತಂದು ಮಲಗಿಸು. ಕೊಳವೆ ತೂರಿಸಿ, ಗೋಂದು ಬಿಟ್ಟು ಮುಚ್ಚಿಬಿಡ್ತೀನಿ. ನನ್ನ ಕೈಲಿ ಆಗತ್ತೆ."

ಆಗತ್ತೆ ಎಂದ ರೀತಿಯಲ್ಲಿ ಜಂಬವಿರಲಿಲ್ಲ, ಸಂಶಯವೂ ಇರಲಿಲ್ಲ. ಇವರಿಬ್ಬರ ಸ್ನೇಹ ಬೆಳೆದದ್ದೇ ಆ ಒಂದು ಗುಣದಿಂದ. ತಮ್ಮ ಕೆಲಸ ತಮಗೆ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ತೆಗೆಯೋವಾಗ ನೀನು ಇರ್ಲಿಲ್ವಾ?"

"ಹೋದ ವರ್ಷ ಹೊರದೇಶದ ತಂಡ ಬಂದು ಶಿಬಿರ ಮಾಡ್ತಲ್ಲ, ಆಗಿಂದು. ನಾನು ತಂಗಿ ಮದುವೆಗೆ ಊರಿಗೆ ಹೋಗಿದ್ದೆ. ಯಂತ್ರದ ಹತ್ರ ಇದ್ದಿದ್ದು ದಾಪಾ ಒಬ್ಬನೇ. ಆ ತಂಡಕ್ಕೆ ಬರೆದು ಕೇಳಿದ್ದಾಯ್ತು. ಕೋರ್ಟಿನ ಕಾಗದ ಇಲ್ದೆ ರೋಗಿ ಹೆಸರು ಹೇಳಲ್ವಂತೆ."

ಅಫ್ರಾಕೊಮಾ ಪೆಟ್ಟಿಗೆಗೆ ಮೂಗು ತಗುಲುವಷ್ಟು ಹತ್ತಿರ ಬಾಗಿದಳು. ನಾಳಗಳ ಚೆಲುವನ್ನು ನೋಡಿ ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ. ಚಿತ್ರದ ಕೆಳಭಾಗದಲ್ಲಿ, ದವಡೆ ಇರಬೇಕಾದ ಜಾಗದಲ್ಲಿ, ಒಂದು ಕಪ್ಪು ಚುಕ್ಕೆ ಇತ್ತು. ಅದಕ್ಕೆ ಅಂಟಿಕೊಂಡಂತೆ ಅಷ್ಟೇ ದೊಡ್ಡ ಬಿಳಿ ಚುಕ್ಕೆ.

"ಇದೇನು?"

"ಅದಾ? ಕಸ. ಅಲುಗಾಡಿದ್ದಾರೆ."

"ಕಸ ಅಂದ್ರೆ? ಪೊಲೀಸಿನೋರಿಗೆ ಕಸದಷ್ಟು ಇಷ್ಟವಾದ್ದು ಬೇರೆ ಇಲ್ಲ. ಬಿಡಿಸಿ ಹೇಳು."

ಅರಾಬಾ ಕೈತೊಳೆದು ಬಂದಳು. "ಮೊದಲು ಬರೀ ತಲೆದು ಒಂದು ಚಿತ್ರ ತಗೋತೀವಿ. ಆಮೇಲೆ ತೊಡೆಸಂದಿಯಿಂದ ಕೊಳವೆ ಏರಿಸಿ, ಕಾಂಟ್ರಾಸ್ಟ್ ಮದ್ದು ಬಿಟ್ಟು ಇನ್ನೊಂದು. ಮದ್ದಿನಲ್ಲಿ ಅಯೋಡಿನ್ ಇರತ್ತೆ, ಎಕ್ಸ್‌ರೇನ ತಡೆಯತ್ತೆ, ಅದಕ್ಕೇ ನಾಳ ಕಪ್ಪಾಗಿ ಕಾಣೋದು. ಯಂತ್ರ ಎರಡನೇ ಚಿತ್ರದಿಂದ ಮೊದಲನೇದನ್ನ ಕಳೆದುಬಿಡತ್ತೆ. ಮೂಳೆ ಎರಡರಲ್ಲೂ ಇದೆ ನೋಡು, ಹಾಗಾಗಿ ಹೊಡೆದುಹೋಗತ್ತೆ. ನಾಳ ಮಾತ್ರ ಉಳಿಯತ್ತೆ."

"ಅಲುಗಾಡಿದ್ರೆ?"

"ಕಳೆಯೋ ಲೆಕ್ಕ ತಪ್ಪತ್ತೆ. ಮದ್ದು ಒಳಗೆ ಹೋದಾಗ ಮುಖವೆಲ್ಲ ಬೆಂಕಿ ಹಾಯ್ದ ಹಾಗಾಗತ್ತೆ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಎಷ್ಟು ಹೇಳಿದ್ರೂ ಜನ ಉಗುಳು ನುಂಗ್ತಾರೆ, ಹಲ್ಲು ಕಚ್ತಾರೆ. ಅದರ ಜೊತೆ ತಲೆ ಕೂದಲೆಳೆಯಷ್ಟು ಜರುಗಿದ್ರೂ ಸಾಕು, ಅಳಿಸಿಹೋಗ್ಬೇಕಾದ್ದು ನೆರಳಾಗಿ ಉಳ್ಕೊಳತ್ತೆ."

"ಮಿಕ್ಕ ಹಲ್ಲೆಲ್ಲ ತೆಳ್ಳಗೆ ಮಸುಕುಮಸುಕಾಗಿದೆ. ಇದೊಂದೇ ಯಾಕೆ ಇಷ್ಟು ಕಪ್ಪು?"

ಅರಾಬಾ ಪೆಟ್ಟಿಗೆಯ ಹತ್ತಿರ ಬಂದಳು. ಹತ್ತು ವರ್ಷದಿಂದ ಇಂಥ ಚುಕ್ಕೆಗಳನ್ನು ಕಸವೆಂದು ಕಣ್ಣಿನಿಂದಲೇ ಗುಡಿಸಿಹಾಕುತ್ತ ಬಂದವಳು ಅವಳು. ಈಗ ಭೂತಗನ್ನಡಿ ತಂದು ಮೊದಲ ಸಲ ನೋಡಿದಳು.

"ಲೋಹ," ಎಂದಳು ಕೊನೆಗೆ. "ಹಲ್ಲಿಗೆ ಲೋಹದ ಕವಚ. ಎಡಗಡೆ, ಮೇಲಿನ ಸಾಲು, ಕೋರೆಯಿಂದ ಹಿಂದಕ್ಕೆ. ಅಂಚು ಇಷ್ಟು ಗಟ್ಟಿಯಾಗಿ ಬಂದಿದೆ ಅಂದ್ರೆ ಹಗುರ ಲೋಹ ಅಲ್ಲ. ಚಿನ್ನಾನೇ ಇರ್ಬೇಕು." ತಟ್ಟನೆ ನಕ್ಕುಬಿಟ್ಟಳು. "ನಿಮ್ಮೋರೇ ಬಿಡು! ಹೆಣಕ್ಕೆ ಆದ್ಮೇಲೆ ಹಲ್ಲಿಗೆ!"

ಅಫ್ರಾಕೊಮಾಳಿಗೆ ಖುಷಿಯಲ್ಲಿ ಆ ಫಾಂಟೆ ತಲೆಗೊಂದು ಮುತ್ತು ಕೊಡಬೇಕೆನಿಸಿತು. ಕೊಟ್ಟೂ ಬಿಟ್ಟಳು.

"ಒಬೆಂಗ್ ಬಾಯಲ್ಲಿ ಚಿನ್ನ ಇಲ್ದಿದ್ರೆ ಈ ತಲೆ ಅವನದ್ದಲ್ಲ. ಮುಗೀತು."

"ಅವನದ್ದಲ್ಲ ಅಂತಾದ್ರೆ ಯಾರದ್ದು ಅಂತ ಗುಟ್ಟಾಗಿ ಹುಡುಕು. ಸಭೇಲಿ ತಮಟೆ ಹೊಡೀಬೇಡ." ಅರಾಬಾ ಫಿಲ್ಮನ್ನು ಲಕೋಟೆಗೆ ಹಾಕುತ್ತ ಒಂದು ಕ್ಷಣ ತಡೆದಳು. "ಅಂದ ಹಾಗೆ, ಈ ಊನದ ಕಟ್ಟಳೆ ಒಡೆಯನಿಗೆ ಮಾತ್ರಾನಾ?"

"ಪೀಠದ ಮೇಲೆ ಕೂರೋ ಯಾರಿಗಾದ್ರೂ. ರಾಜಮಾತೆಗೂ ಅವಳದ್ದೇ ಪೀಠ ಇರತ್ತೆ. ಅವಳು ಕೆಳಗಿಳಿದ್ರೆ ಅವಳು ಆರಿಸಿದೋನೂ ಹೋದ. ಯಾಕೆ?"

"ಸುಮ್ನೆ ಕೇಳ್ದೆ. ನಮ್ಮ ಕಡೆ ಇಷ್ಟೊಂದು ರಗಳೆ ಇಲ್ಲ," ಎಂದು ಅರಾಬಾ ಮಾತು ಮುಗಿಸಿದಳು.

* * *

ಅಸೂಬೊನ್ ಅರಮನೆಯ ಅಂಗಳ ಕಪ್ಪು, ಕೆಂಪು ಬಟ್ಟೆಗಳಿಂದ ತುಂಬಿಹೋಗಿತ್ತು. ಹಳೆಯ ಒಡೆಯನ ಸೂತಕ ಇನ್ನೂ ಕಳೆದಿರಲಿಲ್ಲ. ಒಬೆಂಗ್ ಹೊರಬಾಗಿಲ ಪಕ್ಕದ ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ. ತಾಂತ್ರಿಕ ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು, ಎತ್ತರದ ಆಳು. ಹೆಗಲಿನ ಬಟ್ಟೆ ಜಾರದಂತೆ ಹಿಡಿದುಕೊಳ್ಳುವುದು ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ.

"ಮೇಷ್ಟ್ರೇ, ಬಾಯಿ ತೆಗೀರಿ," ಎಂದಳು ಅಫ್ರಾಕೊಮಾ.

"ಏನು ಮೇಡಂ?"

"ಬಾಯಿ. ಆ ಅನ್ನಿ."

ಒಬೆಂಗ್ ಬೆಪ್ಪಾಗಿ ಬಾಯಿ ತೆರೆದ. ಮೇಲೆ ಕೆಳಗೆ ಎಲ್ಲ ಹುಟ್ಟಿದ ಹಲ್ಲುಗಳೇ. ಅವಳ ಎದೆ ಹಗುರಾಯಿತು.

"ನಿಮ್ಮ ತಲೆ ಉಳೀತು. ಆದ್ರೂ ಒಂದ್ಸಲ ಆ ಯಂತ್ರದ ಕೆಳಗೆ ಮಲಗಿಬಿಟ್ಟಿದ್ರೆ ಆ ಫಿಲ್ಮು ಸಭೆಗೆ ತಂದ ಎನ್‌ಟಿಮ್ ಬಾಯಿಗೆ ಖಾಯಮ್ಮಾಗಿ ಬೀಗ ಬೀಳ್ತಿತ್ತು."

"ಅಯ್ಯೋ ಬೇಡ ಮೇಡಂ! ಮುಖಕ್ಕೆಲ್ಲ ಬೆಂಕಿ ಹೊತ್ಕೊಂಡ ಹಾಗಾಗತ್ತೆ, ಬಾಯಲ್ಲಿ ಕಬ್ಬಿಣದ ರುಚಿ ಎರಡು ದಿನ ಹೋಗಲ್ಲ."

ಅಫ್ರಾಕೊಮಾ ಹುಬ್ಬೇರಿಸಿದಳು. "ಆ ಕಡೆ ಕಾಲೇ ಇಟ್ಟಿಲ್ಲ ಅಂದಿದ್ರಿ?"

"ಇಲ್ಲ. ಅದು, ಜನ ಹೇಳ್ತಾರಲ್ಲ," ಎಂದು ಒಬೆಂಗ್ ಬಟ್ಟೆಯನ್ನು ಮತ್ತೆ ಹೆಗಲಿಗೇರಿಸಿದ.

ಯಾವ ಜನ ಎಂದು ಕೇಳಬೇಕಿತ್ತು. ಒಳಗಿನಿಂದ ಡೋಲು ಮೊಳಗಿತು, ಎಲ್ಲರೂ ಎದ್ದು ನಿಂತರು, ರಾಜಮಾತೆ ಬಂದಳು. ಕೇಳುವುದು ಆಮೇಲಾದರೂ ಆಗುತ್ತದೆ ಎಂದುಕೊಂಡು ಅಫ್ರಾಕೊಮಾ ಸಭೆಯತ್ತ ನಡೆದಳು. ಗೆಲುವು ಕೈಯಲ್ಲಿದೆ ಎಂದು ಗೊತ್ತಿದ್ದಾಗ ಅವಳ ನಡಿಗೆಯೇ ಬೇರೆ.

* * *

ರಾಜಮಾತೆ ಸೆರ್ವಾ, ಊರವರು ಗೌರವದಿಂದ ಕರೆಯುವಂತೆ ನಾನಾ ಸೆರ್ವಾ, ತಲೆ ಬೋಳಿಸಿಕೊಂಡು, ಕಪ್ಪುಟ್ಟು, ತನ್ನ ಗಿಡ್ಡ ಪೀಠದ ಮೇಲೆ ನೆಟ್ಟಗೆ ಕೂತಿದ್ದಳು. ಸತ್ತ ಒಡೆಯ ಅವಳ ಮಗನಲ್ಲ, ಒಡಹುಟ್ಟಿದ ಅಣ್ಣ; ರಾಜಮಾತೆ ಎಂಬುದು ಅವಳ ಪದವಿಯ ಹೆಸರು. ಆವತ್ತಿನಿಂದ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡು, ಹೇಳಬೇಕಾದ್ದನ್ನು ಪಕ್ಕದಲ್ಲಿ ಬಾಗಿ ನಿಂತ ಮಾತುಗಾರ ಅಮೊವಾನ ಕಿವಿಗೆ ಉಸುರುತ್ತಿದ್ದಳು. ಅವನು ಚಿನ್ನದ ಹಿಡಿಯ ಕೋಲೆತ್ತಿ ಅದನ್ನು ಸಭೆಗೆ ಮುಟ್ಟಿಸುತ್ತಿದ್ದ. ಅವನನ್ನು ದಾಟಿ ಅವಳೊಡನೆ ನೇರವಾಗಿ ಮಾತಾಡುವ ಎದೆಗಾರಿಕೆ ಅಸೂಬೊನ್‌ನಲ್ಲಿ ಯಾರಿಗೂ ಇರಲಿಲ್ಲ.

ಎದುರು ಸಾಲಿನಲ್ಲಿ ಕ್ವಾಜೊ ಎನ್‌ಟಿಮ್. ಮರದ ವ್ಯಾಪಾರಿ, ರಾಜಮನೆತನದ ಇನ್ನೊಂದು ಕವಲಿನವನು, ಒಬೆಂಗ್ ಜಾರಿದರೆ ಪೀಠ ಸೇರುವುದು ಇವನಿಗೆ. ಹೋದ ಸಭೆಯಲ್ಲಿ ಫಿಲ್ಮನ್ನು ಬಿಸಿಲಿಗೆ ಹಿಡಿದು ತೋರಿಸಿದವನೂ ಇವನೇ.

"ಮಾತುಗಾರರೇ," ಎಂದು ಎನ್‌ಟಿಮ್ ಶುರುಮಾಡಿದ, "ನಾನಾ ಅವರಿಗೆ ತಿಳಿಸಿ. ನನಗೆ ಒಬೆಂಗ್ ಮೇಲೆ ಹಗೆ ಇಲ್ಲ. ನನ್ನ ತಮ್ಮನ ಹಾಗೆ ಅವನು. ಆದ್ರೆ ತಲೇಲಿ ಸಿಡಿಮದ್ದು ಇಟ್ಕೊಂಡೋನು ಊರಿಗೆ ನೆರಳು ಕೊಡ್ತಾನಾ? ಕಣ್ಣಿಗೆ ಕಾಣ್ದಿದ್ರೂ ಊನ ಊನಾನೇ. ಪೀಠಕ್ಕೆ ಅದು ಮೈಲಿಗೆ."

ಹಿರಿಯರಲ್ಲಿ ಮೂವರು ತಲೆಯಾಡಿಸಿದರು. ಒಬೆಂಗ್ ನೆಲ ನೋಡುತ್ತಿದ್ದ.

ಅಫ್ರಾಕೊಮಾ ಚಪ್ಪಲಿ ಬಿಟ್ಟು ನಡುವೆ ಬಂದು ನಿಂತಳು. "ಮಾತುಗಾರರೇ, ನಾನಾ ಅವರ ಅಪ್ಪಣೆ ಆದ್ರೆ ಎನ್‌ಟಿಮ್ ಅವರನ್ನ ಎರಡು ಮಾತು ಕೇಳ್ತೀನಿ."

ಸೆರಗು ಅಲುಗಿತು. ಅಮೊವಾ ಕೋಲೆತ್ತಿದ. "ಕೇಳಬಹುದು ಅಂದಿದ್ದಾರೆ."

"ಎನ್‌ಟಿಮ್ ಅವರೇ, ಈ ಚಿತ್ರ ನಿಮಗೆ ಕೊಟ್ಟಿದ್ದು ದಾಪಾ ತಾನೆ?"

"ಇನ್ಸ್‌ಪೆಕ್ಟರಮ್ಮ, ಎಷ್ಟು ಸಲ ಹೇಳ್ಲಿ? ಯಾರೋ ಬಾಗಿಲ ಸಂದಿಯಿಂದ ತೂರಿಸಿ ಹೋಗಿದ್ರು. ದಾಪಾ ಅಂದ್ರೆ ಕಪ್ಪೋ ಕೆಂಪೋ ನಂಗೊತ್ತಿಲ್ಲ."

"ಇದು ಒಬೆಂಗ್ ತಲೆ ಅಂತ ಹೇಗೆ ಗೊತ್ತಾಯ್ತು?"

"ಓದಕ್ಕೆ ಬರಲ್ವಾ ನಿಮಗೆ? ಮೂಲೇಲಿ ಹೆಸರಿದೆ."

"ಹೆಸರು ಯಾರು ಬೇಕಾದ್ರೂ ಹಾಕ್ಬಹುದು. ಹಲ್ಲು ಹಾಕಕ್ಕಾಗಲ್ಲ." ಅವಳು ಫಿಲ್ಮನ್ನು ಬಿಸಿಲಿಗೆದುರಾಗಿ ಎತ್ತಿ ಹಿಡಿದಳು. "ಈ ಚುಕ್ಕೆ ನೋಡಿ. ಮದ್ದು ತಲೆಗೇರಿದಾಗ ಈ ಮನುಷ್ಯ ಬಿಸಿ ತಾಳದೆ ಹಲ್ಲು ಕಚ್ಚಿದ. ಆಗ ಉಳಿದ ನೆರಳು ಇದು. ಎಡಗಡೆ, ಮೇಲೆ, ಕೋರೆಯಿಂದ ಹಿಂದೆ ಒಂದು ಹಲ್ಲು. ಅದಕ್ಕೆ ಚಿನ್ನದ ಕವಚ. ಆಸ್ಪತ್ರೆಯ ದೊಡ್ಡ ಡಾಕ್ಟರೇ ನೋಡಿ ಹೇಳಿದ್ದು. ಒಬೆಂಗ್ ಮೇಷ್ಟ್ರೇ, ಬನ್ನಿ. ಹಿರಿಯರಿಗೆ ಬಾಯಿ ತೋರಿಸಿ."

ಒಬೆಂಗ್ ಬಂದ. ಹಿಂಜರಿಯುತ್ತಲೇ ಬಂದ. ಹಿರಿಯರು ಒಬ್ಬೊಬ್ಬರಾಗಿ ಎದ್ದು, ಕುದುರೆ ಕೊಳ್ಳುವವರಂತೆ ಅವನ ಬಾಯೊಳಗೆ ಇಣುಕಿದರು.

"ಚಿನ್ನ ಇಲ್ಲ," ಎಂದ ಒಬ್ಬ.

"ಹಿತ್ತಾಳೇನೂ ಇಲ್ಲ," ಎಂದ ಇನ್ನೊಬ್ಬ.

ಅಂಗಳದ ಹೆಂಗಸರ ಗುಂಪಿನಲ್ಲಿ ಹೋ ಎಂಬ ಸದ್ದೆದ್ದಿತು. ಎನ್‌ಟಿಮ್‌ನ ಮುಖ ಇಳಿದುಹೋಯಿತು.

"ಕೀಳಿಸ್ಕೊಂಡಿರ್ಬಹುದು!"

"ಕೀಳಿಸಿದ್ರೆ ಅಲ್ಲಿ ಸಂದಿ ಇರ್ಬೇಕಲ್ಲ? ಅವನ ಸ್ವಂತ ಹಲ್ಲು ಗಟ್ಟಿಯಾಗಿ ಕೂತಿದೆ. ಬೇಕಾದ್ರೆ ಬೆರಳಿಟ್ಟು ನೋಡಿ, ಕಚ್ಚಿದ್ರೆ ಮಾತ್ರ ನನ್ನ ಕೇಳ್ಬೇಡಿ." ಅಫ್ರಾಕೊಮಾ ಸಭೆಯ ಕಡೆ ತಿರುಗಿದಳು. ತಮಟೆ ಹೊಡೆಯಬೇಡ ಎಂದ ಅರಾಬಾಳ ಮಾತು ನೆನಪಾಯಿತು. ಆದರೆ ಆ ಹೊತ್ತಿಗೆ ಅವಳ ದನಿ ಅವಳ ಹಿಡಿತದಲ್ಲಿರಲಿಲ್ಲ. "ಒಬೆಂಗ್ ಮೇಲೆ ಗೂಬೆ ಕೂರಿಸಕ್ಕೆ ಯಾರದ್ದೋ ತಲೆ ತಂದಿದ್ದಾರೆ. ಆ ತಲೆ ಯಾರದ್ದೋ, ದಾಪಾ ಸಾವಿನ ಬೇರು ಅಲ್ಲೇ ಇದೆ. ಎಲ್ಲರೂ ಕೇಳಿಸ್ಕೊಳ್ಳಿ! ಎಡಗಡೆ ಮೇಲೆ ಚಿನ್ನದ ಹಲ್ಲು ಯಾರಿಗಿದ್ಯೋ ಅವರೇ ಈ ಚಿತ್ರದ ಯಜಮಾನರು!"

ಮಾತು ಮುಗಿದದ್ದೇ ತಡ, ಅಂಗಳದಲ್ಲಿ ಬಾಯಿಗಳ ತಪಾಸಣೆ ಶುರುವಾಯಿತು. ಎನ್‌ಟಿಮ್‌ನ ಸೋದರಳಿಯ ಪಕ್ಕದವನ ಗಲ್ಲ ಹಿಡಿದು ತಿರುಗಿಸಿದ. ಹೆಂಗಸೊಬ್ಬಳು ಗಂಡನ ತುಟಿಯನ್ನೇ ಎತ್ತಿ ನೋಡಿದಳು. ಎನ್‌ಟಿಮ್ ಹಠಕ್ಕೆ ಬಿದ್ದು ತನ್ನ ಬಾಯನ್ನು ತಾನೇ ಅಗಲಿಸಿ ತೋರಿಸಿದ. ಬೆಳ್ಳಿಯ ಹಲ್ಲು ಎರಡಿದ್ದವು, ಅವೂ ಬಲಗಡೆ.

ಕೊನೆಯಲ್ಲಿ ಕೂತಿದ್ದ ಮುದುಕ ಸಾರ್ಪಾಂಗ್ ಕೋಲೂರಿಕೊಂಡು ಎದ್ದ. ಹಿರಿಯರಲ್ಲೇ ಹಿರಿಯ.

"ನನ್ನನ್ಯಾಕೆ ಬಿಟ್ರಿ? ನನ್ನದೂ ನೋಡ್ಬಿಡಿ!" ಎಂದು ಬಾಯಿ ಕಳೆದ. ಒಂದೂ ಹಲ್ಲಿರಲಿಲ್ಲ. "ಚಿನ್ನ ಇದ್ರೆ ಹೇಳ್ರಪ್ಪ, ಇವತ್ತೇ ಮಾರಿ ಇನ್ನೊಂದು ಮದುವೆ ಆಗ್ತೀನಿ!"

ಅಂಗಳ ನಗೆಯಲ್ಲಿ ಬಿದ್ದುಹೋಯಿತು. ಡೋಲಿನವನು ನಕ್ಕ, ಮಾತುಗಾರ ಅಮೊವಾನ ಕೋಲು ನಗೆಗೆ ಕುಲುಕಿತು, ಅಫ್ರಾಕೊಮಾಳೂ ಹೊಟ್ಟೆ ಹಿಡಿದು ನಕ್ಕಳು.

ಸೂತಕದ ಇಷ್ಟು ದಿನ, ತಂಗಿಯ ಮಗನಿಗಾಗಿ ಅನುಭವಿಸಿದ ಇಷ್ಟು ಭಯ, ಎಲ್ಲ ಒಂದೇ ಸಲಕ್ಕೆ ಇಳಿದವರಂತೆ ರಾಜಮಾತೆಯೂ ನಕ್ಕಳು. ಸೆರಗು ಕೈಯಿಂದ ಜಾರಿತು. ತಲೆ ಹಿಂದಕ್ಕೆ ಹೋಯಿತು. ಬಾಯಿತುಂಬ, ಹುಡುಗಿಯಂತೆ ನಕ್ಕಳು.

ಮಧ್ಯಾಹ್ನದ ಬಿಸಿಲು ನೇರವಾಗಿ ಅವಳ ಮುಖದ ಮೇಲಿತ್ತು. ಎಡಗಡೆ, ಮೇಲೆ, ಕೋರೆಯಿಂದ ಹಿಂದೆ, ಚಿನ್ನ ಹೊಳೆಯಿತು.

ಅಫ್ರಾಕೊಮಾ ಕೈಯಲ್ಲಿದ್ದ ಫಿಲ್ಮನ್ನು ಬೆನ್ನ ಹಿಂದೆ ಸರಿಸಿದಳು.

"ದೊಡ್ಡಮ್ಮಾ, ಬಾಯಿ!" ಒಬೆಂಗ್ ಉಸಿರಿನಲ್ಲೇ ಕೂಗಿದ. ಅವನಿಗೆ ಗೊತ್ತಿತ್ತು. ಮುಖಕ್ಕೆ ಹಾಯುವ ಬೆಂಕಿಯ ಮಾತು, ಕಬ್ಬಿಣದ ರುಚಿಯ ಮಾತು ಅವನಿಗೆ ಯಾವ ಜನ ಹೇಳಿದ್ದರೆಂದು ಈಗ ಕೇಳಬೇಕಾಗಿರಲಿಲ್ಲ. ಹೋದ ವರ್ಷ ಅವಳನ್ನು ಕದ್ದುಮುಚ್ಚಿ ಕರೆದುಕೊಂಡು ಹೋಗಿ, ಹೆಸರು ಕೇಳಿದಾಗ ತನ್ನ ಹೆಸರು ಕೊಟ್ಟವನು ಅವನೇ.

ರಾಜಮಾತೆ ಸೆರಗನ್ನು ಎಳೆದುಕೊಂಡು ತುಟಿಗೊತ್ತಿದಳು. ಅವಳ ಇನ್ನೊಂದು ಕೈ ಮೆಲ್ಲಗೆ ಮೇಲೇರಿ ಎಡಗಿವಿಯ ಮೇಲ್ಗಡೆ ಅದುಮಿ ಹಿಡಿಯಿತು. ಸಿಟ್ಟು ಬಂದರೆ ಸಾಕು, ಜೋರಾಗಿ ಕೆಮ್ಮಿದರೂ ಸಾಕು ಎಂದಿದ್ದಳು ಅರಾಬಾ. ನಗುವಿನ ಬಗ್ಗೆ ಅಫ್ರಾಕೊಮಾ ಕೇಳಿರಲಿಲ್ಲ.

ಯಾರೂ ನೋಡಿಲ್ಲ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎಲ್ಲರೂ ಮುದುಕನ ಬಾಯನ್ನೇ ನೋಡುತ್ತಿದ್ದರು. ಈಗ ಸಭೆ ಮುಗಿಸಿ, ಹಿಂಬಾಗಿಲಿನಿಂದ ಕಾರಿಗೆ ಹತ್ತಿಸಿದರೆ ಕತ್ತಲಾಗುವ ಮೊದಲು ಅರಾಬಾಳ ಮೇಜಿನ ಮೇಲೆ ಮಲಗಿಸಬಹುದು. ಜೀವ ಉಳಿಯುತ್ತದೆ. ಕೊಲೆಗಾರನೂ ಉಳಿದದ್ದೂ ಆಮೇಲೆ.

ಅಷ್ಟರಲ್ಲಿ ಎದುರು ಸಾಲಿನಲ್ಲಿ ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಎನ್‌ಟಿಮ್ ಎದ್ದಿದ್ದ. ಅವನ ಕಣ್ಣು ಮುದುಕನ ಮೇಲಿರಲಿಲ್ಲ, ಅಫ್ರಾಕೊಮಾಳ ಮೇಲೂ ಇರಲಿಲ್ಲ. ಗೌರವಕ್ಕೆ ಇಳಿಸಬೇಕಾದ ಹೆಗಲ ಬಟ್ಟೆಯನ್ನು ಇಳಿಸದೆಯೇ ಅವನು ಅಂಗಳದ ನಡುವೆ ನಡೆದುಬಂದ. ಅಮೊವಾ ಚಿನ್ನದ ಹಿಡಿಯ ಕೋಲನ್ನು ಅಡ್ಡ ಹಿಡಿದ. ಎನ್‌ಟಿಮ್ ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ.

ನಗು ನಿಂತುಹೋಯಿತು. ಮಾತುಗಾರನನ್ನು ದಾಟಿ, ನೇರವಾಗಿ ರಾಜಮಾತೆಯ ಮುಖಕ್ಕೇ ಹೇಳಿದ.

"ನಾನಾ, ಇನ್ನೊಂದ್ಸಲ ನಗಿ."